ಮೂರು ಮಳೆಗಾಲದ ತುರಿಕೆ

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟದ ಮನೆ. ಜೂಲಿ ಅಂತ ಲ್ಯಾಬ್ರಡಾರ್ ಹೆಣ್ಣುನಾಯಿ ಉಂಟು. ಮೂರೂವರೆ ವರ್ಷ, 28 ಕಿಲೋ. ಮೊದಲ ಮಳೆಗಾಲದಲ್ಲಿ ಏನೂ ತೊಂದರೆ ಇರಲಿಲ್ಲ. ಎರಡನೆಯ ಮಳೆಗಾಲದಲ್ಲಿ ಮುಂಗಾಲಿನ ಪಾದ ನೆಕ್ಕಲು ಸುರು ಮಾಡಿದ್ದು ಇನ್ನೂ ನಿಂತಿಲ್ಲ, ಮಳೆ ಬಂದರೆ ಜಾಸ್ತಿ. ಈಗ ಕಿವಿ ವಾಸನೆ ಬರುತ್ತದೆ, ಹೊಟ್ಟೆ ಮತ್ತು ಕಂಕುಳಿನ ಚರ್ಮ ಕಪ್ಪಾಗಿ ದಪ್ಪ ಆಗಿದೆ. ಕಳೆದ ತಿಂಗಳಿಂದ ಬಾಲದ ಬುಡದಲ್ಲೂ ಕೂದಲು ಹೋಗಿದೆ. ಇಂಜೆಕ್ಷನ್ ಕೊಟ್ಟರೆ ಒಂದು ತಿಂಗಳು ಆರಾಮ, ಮತ್ತೆ ಅದೇ. ಇದುವರೆಗೆ ಏಳು ಆಯಿತು. ಪ್ಯಾಕೆಟ್ ಆಹಾರ ನಿಲ್ಲಿಸಿ ಹತ್ತು ದಿನ ಬರೀ ಮೊಸರನ್ನ ಹಾಕಿ ನೋಡಿದೆವು, ಪ್ರಯೋಜನ ಇಲ್ಲ. ದಿನಾ ಸಾಬೂನು ಹಾಕಿ ಮೀಯಿಸಿ ಬೇವಿನೆಣ್ಣೆ ಹಚ್ಚುತ್ತೇವೆ. ಒಮ್ಮೆ ಮರಿ ಹಾಕಿದರೆ ಗುಣ ಆಗುತ್ತದೆ ಎಂದು ಒಬ್ಬರು ಹೇಳುತ್ತಾರೆ, ಮಂಗಳೂರಲ್ಲಿ ರಕ್ತಪರೀಕ್ಷೆ ಮಾಡಿಸಿ ಎಂದು ಇನ್ನೊಬ್ಬರು. ಮಕ್ಕಳಿಗೆ ಅಂಟುವ ರೋಗವಾ? ಶಾಶ್ವತ ಪರಿಹಾರ ಉಂಟಾ? ಮನೆಯಲ್ಲಿ ಎರಡು ಬೆಕ್ಕು, ಮೂರು ದನ ಉಂಟು. ನಾವು ಸಸ್ಯಾಹಾರಿಗಳು. ಇನ್ನೊಂದು ವಿಷಯ, ಮಾವ ಬೆಳಗ್ಗೆ ತಿಂಡಿಗೆ ಕೂತಾಗ ಅದಕ್ಕೊಂದು ದೋಸೆ ತುಂಡು ಹಾಕುವ ಕ್ರಮ. ಅದರಿಂದ ಏನಾದರೂ ಆಗುತ್ತಿರಬಹುದಾ?

ಉತ್ತರ: ದೋಸೆಯ ವಿಷಯ ಕೊನೆಗೆ ಹೇಳುತ್ತೇನೆ ಅಕ್ಕಾ, ಅದು ನೀವು ಅಂದುಕೊಂಡಷ್ಟು ಸಣ್ಣ ಪ್ರಶ್ನೆಯಲ್ಲ. ಮೊದಲು ಮಕ್ಕಳ ವಿಷಯ.

ನಿಮ್ಮ ಪತ್ರ ಓದಿದರೆ ಜೂಲಿಗೆ ಇರುವುದು ಅಲರ್ಜಿಯ ಚರ್ಮರೋಗ ಅನ್ನಿಸುತ್ತದೆ. ಅದು ಯಾರಿಗೂ ಅಂಟುವುದಿಲ್ಲ, ಮಕ್ಕಳಿಗೂ ಇಲ್ಲ, ಬೆಕ್ಕಿಗೂ ಇಲ್ಲ. ಆದರೆ ನಾಯಿಯ ತುರಿಕೆಗಳಲ್ಲಿ ಮನುಷ್ಯರಿಗೆ ದಾಟುವಂಥವು ಎರಡು ಉಂಟು, ಕಜ್ಜಿ ಮತ್ತು ಹುಳುಕಡ್ಡಿ. ಹುಳುಕಡ್ಡಿಯಾದರೆ ಕೂದಲು ಉರುಟಾಗಿ ಉದುರಿ ಹೊಟ್ಟು ಏಳುತ್ತದೆ, ತುರಿಕೆ ಅಷ್ಟಿರುವುದಿಲ್ಲ. ಕಜ್ಜಿ ಹಿಡಿಯುವುದು ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಹಿಮ್ಮಡಿಗಳಲ್ಲಿ. ಈಗಲೇ ಹೋಗಿ ಜೂಲಿಯ ಕಿವಿಯ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಐದಾರು ಸೆಕೆಂಡು ಉಜ್ಜಿ ನೋಡಿ. ಅಂಚು ಹೊಪ್ಪಳೆಗಟ್ಟಿದ್ದು, ಉಜ್ಜಿದ ಕೂಡಲೇ ಅದೇ ಪಕ್ಕದ ಹಿಂಗಾಲು ತನ್ನಷ್ಟಕ್ಕೆ ಗಾಳಿಯಲ್ಲಿ ಕೆರೆಯತೊಡಗಿದರೆ ಕಜ್ಜಿಯ ಸಂಶಯ ಬಲವಾಗುತ್ತದೆ. ಮನೆಯವರಿಗೆ ಸೊಂಟದ ಸುತ್ತ, ಕೈಯಲ್ಲಿ ಕೆಂಪು ಗುಳ್ಳೆ ಎದ್ದಿದ್ದರೆ ಇನ್ನೂ ಬಲ. ಕಜ್ಜಿಯ ಹುಳು ಚರ್ಮ ಕೆರೆದು ನೋಡಿದಾಗ ಸಿಗದೆ ತಪ್ಪಿಸಿಕೊಳ್ಳುವುದೇ ಹೆಚ್ಚು. ಆದ್ದರಿಂದ ಸಂಶಯ ಬಂದರೆ ಹುಳು ಕಾಣಲಿಲ್ಲ ಎಂದು ಬಿಡದೆ ಮದ್ದು ಮಾಡಿಯೇ ನೋಡುವುದು ಕ್ರಮ. ಹಾಗಿದ್ದರೂ ಮೂರು ಮಳೆಗಾಲ ದಾಟಿದ ಕಜ್ಜಿ ನಿಮ್ಮ ಮನೆಯಲ್ಲಿ ಯಾರ ಮೈಗೂ ಹತ್ತದೆ ಇದ್ದೀತು ಅಂತ ನನಗೆ ಅನ್ನಿಸುವುದಿಲ್ಲ.

ಶಾಶ್ವತ ಪರಿಹಾರ ಇಲ್ಲ. ಇದನ್ನು ಮೊದಲೇ ಹೇಳದೆ ಇದ್ದರೆ ನೀವು ಬದಿಯಡ್ಕದಿಂದ ಪುತ್ತೂರಿಗೆ, ಪುತ್ತೂರಿಂದ ಮಂಗಳೂರಿಗೆ, ಡಾಕ್ಟರರಿಂದ ಡಾಕ್ಟರರಿಗೆ ತಿರುಗುತ್ತಲೇ ಇರುತ್ತೀರಿ. ಜೂಲಿಗೆ ಇರುವುದು ಮದ್ದು ಕೊಟ್ಟು ಓಡಿಸುವ ರೋಗಕ್ಕಿಂತ ಹೆಚ್ಚಾಗಿ ಹುಟ್ಟಿನಿಂದ ಬಂದ ಮೈಗುಣ. ಅದನ್ನು ತೆಗೆಯಲಿಕ್ಕೆ ಆಗುವುದಿಲ್ಲ, ಹದ್ದಿನಲ್ಲಿಡಲಿಕ್ಕೆ ಆಗುತ್ತದೆ. ಹದ್ದಿನಲ್ಲಿಟ್ಟರೆ ನಾಯಿ ಹತ್ತು ಹನ್ನೆರಡು ವರ್ಷ ಸುಖವಾಗಿ ಇರುತ್ತದೆ.

ನಿಮ್ಮ ಕಡೆಯ ಗುಡ್ಡದ ಮದಕ ನೆನಪು ಮಾಡಿಕೊಳ್ಳಿ. ನಾಲ್ಕು ಕಡೆಯಿಂದ ನೀರು ಬಂದು ಸೇರುತ್ತದೆ, ಕಟ್ಟೆಯ ಮಟ್ಟ ದಾಟಿದ ಮೇಲೆ ಮಾತ್ರ ಹೊರಗೆ ಹರಿಯುತ್ತದೆ. ನಾಯಿಯ ತುರಿಕೆಯೂ ಹಾಗೆಯೇ. ಧೂಳಿನ ನುಸಿಯದ್ದು ಒಂದಿಷ್ಟು, ಚಿಗಟದ್ದು ಒಂದಿಷ್ಟು, ಚರ್ಮದ ಮೇಲೆ ಬೆಳೆದ ಬೂಷ್ಟಿನದ್ದು ಒಂದಿಷ್ಟು, ಕೆಲವು ನಾಯಿಗಳಿಗೆ ಆಹಾರದ್ದು ಒಂದಿಷ್ಟು. ಎಲ್ಲ ಸೇರಿ ಮಟ್ಟ ದಾಟಿದಾಗ ನಾಯಿ ಕೆರೆಯುತ್ತದೆ. ಎಲ್ಲ ತೋಡನ್ನೂ ಮುಚ್ಚಬೇಕೆಂದಿಲ್ಲ, ಎರಡು ಮುಚ್ಚಿದರೂ ನೀರು ಕಟ್ಟೆಯಿಂದ ಕೆಳಗೆ ನಿಂತೀತು. ನಿಮ್ಮ ಏಳು ಇಂಜೆಕ್ಷನ್ ಒಂದು ತೋಡನ್ನೂ ಮುಚ್ಚಲಿಲ್ಲ, ಹರಿದ ನೀರನ್ನು ಒಂದು ತಿಂಗಳ ಮಟ್ಟಿಗೆ ಒರಸಿತು, ಅಷ್ಟೆ.

ಈ ಮೈಗುಣಕ್ಕೆ ಅಟೋಪಿ ಅಂತ ಹೆಸರು, ಅದು ಚರ್ಮದಲ್ಲಿ ಕಾಣಿಸಿಕೊಂಡರೆ ಅಟೋಪಿಕ್ ಡರ್ಮಟೈಟಿಸ್. ಒಳ್ಳೆಯ ಚರ್ಮ ಸಂದು ತುಂಬಿಸಿ ಕಟ್ಟಿದ ಮುರಕಲ್ಲಿನ ಗೋಡೆಯ ಹಾಗೆ. ಜೀವಕೋಶಗಳು ಕಲ್ಲಾದರೆ ಅವುಗಳ ನಡುವಿನ ಕೊಬ್ಬು ಗಾರೆ. ಅಟೋಪಿಯ ನಾಯಿಯಲ್ಲಿ ಈ ಗಾರೆ ತೆಳು. ಸಂದಿನಿಂದ ಧೂಳಿನ ನುಸಿಯ ಕಣ, ಬೂಷ್ಟಿನ ಬೀಜಕ, ಹುಲ್ಲಿನ ಪರಾಗ ಒಳಗೆ ಹೋಗುತ್ತವೆ. ಒಳಗೆ ಕಾವಲು ಕೂತ ರೋಗನಿರೋಧಕ ವ್ಯವಸ್ಥೆ ಈ ನಿರುಪದ್ರವಿಗಳನ್ನು ಕಳ್ಳರೆಂದು ತಿಳಿದು ಇಮ್ಯೂನೋಗ್ಲಾಬ್ಯುಲಿನ್-ಇ ಎಂಬ ಪ್ರತಿಕಾಯ ತಯಾರಿಸುತ್ತದೆ. (ಮನುಷ್ಯರ ರಕ್ತದಲ್ಲಿ ಇದನ್ನು 1966ರಲ್ಲಿ ಗುರುತಿಸಿದ್ದು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಇಶಿಜಾಕಾ ದಂಪತಿ. ಅಲರ್ಜಿ ಎಂಬ ಪದ ಅದಕ್ಕಿಂತ 60 ವರ್ಷ ಹಳತು, 1906ರದ್ದು.) ಆ ಮೇಲೆ ಅದೇ ಕಣ ಮತ್ತೆ ತಾಗಿದಾಗಲೆಲ್ಲ ಚರ್ಮ ಕೆಂಪೇರುತ್ತದೆ. ಇಂಟರ್‌ಲ್ಯೂಕಿನ್-31 ಎಂಬ ವಸ್ತು ಹೊರಬಂದು ನರದ ತುದಿಗೆ ನೇರವಾಗಿ ತುರಿಕೆಯ ಸುದ್ದಿ ಮುಟ್ಟಿಸುತ್ತದೆ. ಮನುಷ್ಯರಿಗಾದರೆ ಧೂಳಿನ ಅಲರ್ಜಿ ಸೀನು, ದಮ್ಮು ಆಗಿ ಬರುವುದು ಹೆಚ್ಚು, ನಾಯಿಗೆ ಬರುವುದು ಚರ್ಮಕ್ಕೆ. "ಒಂದು ಸೀನೂ ಇಲ್ಲ ಡಾಕ್ಟ್ರೆ, ಮತ್ತೆ ಅಲರ್ಜಿ ಹೇಗೆ?" ಎಂದು ಕೇಳುವವರಿಗೆ ಉತ್ತರ ಇಷ್ಟೆ.

ಇದನ್ನು ಅಟೋಪಿ ಅಂತ ನಾನು ಯಾಕೆ ಹೇಳುತ್ತೇನೆ? ಸುರುವಾದ ಪ್ರಾಯ ನೋಡಿ, ಒಂದೂವರೆ ವರ್ಷ. ಅಟೋಪಿ ಹೆಚ್ಚಾಗಿ ಆರು ತಿಂಗಳಿಂದ ಮೂರು ವರ್ಷದ ಒಳಗೆ ತಲೆ ಎತ್ತುತ್ತದೆ. ಜಾತಿ ಲ್ಯಾಬ್ರಡಾರ್. ಪಗ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಬಾಕ್ಸರ್, ಶಿಟ್ಜುಗಳ ಹಾಗೆ ಇದಕ್ಕೆ ಪಕ್ಕಾ ಗಿರಾಕಿ. ಮುಂಗಾಲಿನ ಪಾದ, ಕಿವಿಯ ಒಳಮೈ, ಕಂಕುಳು, ಹೊಟ್ಟೆ, ಇದು ಅಟೋಪಿಯ ನಕ್ಷೆ. ಮೊದಲು ಬರೀ ನೆಕ್ಕಾಟ, ಗಾಯ ಆಮೇಲೆ. ಸ್ಟೀರಾಯ್ಡ್ ಕೊಟ್ಟರೆ ತುರಿಕೆ ನಿಲ್ಲುತ್ತದೆ. ಎಲ್ಲ ತಾಳೆಯಾಗುತ್ತದೆ. ಜೂಲಿ ಬಂಗಾರದ ಬಣ್ಣದವಳಾದರೆ ಬೆರಳುಗಳ ನಡುವಿನ ಕೂದಲು ಕಾವಿ ಬಣ್ಣಕ್ಕೆ ತಿರುಗಿರಬೇಕು ನೋಡಿ. ಅದು ಕೊಳೆಯಲ್ಲ, ನೆಕ್ಕಿ ನೆಕ್ಕಿ ಜೊಲ್ಲು ಹಿಡಿದ ಬಣ್ಣ.

ಆದರೆ ಒಂದು ಗುರುತು ಈ ನಕ್ಷೆಯಲ್ಲಿ ಇಲ್ಲ. ಅಟೋಪಿ ಬೆನ್ನಿನ ಹಿಂಭಾಗವನ್ನು, ಬಾಲದ ಬುಡವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಲ್ಲಿ ಕೂದಲು ಹೋದರೆ ನಾನು ಮೊದಲು ಕೇಳುವುದು ಮನೆಯಲ್ಲಿ ಬೆಕ್ಕು ಉಂಟಾ ಅಂತ. ನೀವು ಕೇಳದೆಯೇ ಬರೆದಿದ್ದೀರಿ, ಎರಡು.

ಚಿಗಟ, ಕೆಲವರು ನಾಯಿಹೇನು ಎನ್ನುವುದು, ಕಚ್ಚಿದರೆ ಎಲ್ಲ ನಾಯಿಗೂ ಸ್ವಲ್ಪ ತುರಿಸುತ್ತದೆ. ಅಲರ್ಜಿ ಇರುವ ನಾಯಿಗೆ ಮಾತ್ರ ಅದರ ಜೊಲ್ಲೇ ವಿಷವಿದ್ದಂತೆ. ಒಂದೆರಡು ಕಚ್ಚಿದರೆ ಸಾಕು, ದಿನಗಟ್ಟಲೆ ಬಾಲದ ಬುಡ ಕಚ್ಚಿಕೊಳ್ಳುತ್ತದೆ. "ನಾನು ದಿನಾ ನೋಡುತ್ತೇನೆ, ಒಂದು ಚಿಗಟವೂ ಇಲ್ಲ" ಎಂದು ಹೇಳುವವರ ನಾಯಿಯಲ್ಲೇ ಇದು ಹೆಚ್ಚು, ಯಾಕೆಂದರೆ ತುರಿಕೆ ಇರುವ ನಾಯಿ ಚಿಗಟವನ್ನು ನೆಕ್ಕಿ ನುಂಗಿಬಿಡುತ್ತದೆ. ಹಾಗಾಗಿ ಚಿಗಟವನ್ನು ಹುಡುಕಬೇಡಿ, ಅದರ ಹಿಕ್ಕೆಯನ್ನು ಹುಡುಕಿ. ಒಂದು ಬಿಳಿ ಕಾಗದ ಒದ್ದೆ ಮಾಡಿ ನೆಲದ ಮೇಲೆ ಹಾಸಿ. ಜೂಲಿಯನ್ನು ಅದರ ಮೇಲೆ ನಿಲ್ಲಿಸಿ, ಬಾಲದ ಬುಡದ ಕೂದಲನ್ನು ಹೇನಿನ ಬಾಚಣಿಗೆಯಿಂದ ಹಿಂದುಮುಂದಾಗಿ ಬಾಚಿ. ಕರಿ ಸಾಸಿವೆ ಪುಡಿಯಂಥ ಚೂರು ಬಿದ್ದೀತು. ಎರಡು ನಿಮಿಷ ಬಿಡಿ. ಮಣ್ಣಾದರೆ ಮಣ್ಣಾಗಿಯೇ ಇರುತ್ತದೆ. ಚೂರಿನ ಸುತ್ತ ತುಕ್ಕಿನ ಬಣ್ಣದ ಉಂಗುರ ಹರಡಿದರೆ ಅದು ಜೂಲಿಯದೇ ರಕ್ತ, ಚಿಗಟ ಕುಡಿದು ಹೊರಹಾಕಿದ್ದು. ಬೆಕ್ಕುಗಳಿಗೂ ಹೀಗೇ ಮಾಡಿ ನೋಡಿ. ಚಿಗಟದ ಕಾರ್ಖಾನೆ ಇರುವುದು ಅಲ್ಲಿಯೇ ಆಗಿರಬಹುದು.

ಇನ್ನು ಮದ್ದು. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡುತ್ತದೆ. ಮೊಟ್ಟೆ ಕೂದಲಿಗೆ ಅಂಟಿ ನಿಲ್ಲುವುದಿಲ್ಲ, ಪ್ರಾಣಿ ಮಲಗಿದಲ್ಲಿ ಉದುರುತ್ತದೆ. ನೀವು ಮೈಮೇಲೆ ಕಾಣುವ ಚಿಗಟ ಒಟ್ಟು ಸಂಸಾರದಲ್ಲಿ ನೂರಕ್ಕೆ ಐದರಷ್ಟು ಮಾತ್ರ. ಉಳಿದದ್ದು ಮೊಟ್ಟೆ, ಮರಿಹುಳು, ಗೂಡಿನ ರೂಪದಲ್ಲಿ ಜಗಲಿಯ ಮೂಲೆ, ಸೌದೆ ಕೊಟ್ಟಿಗೆ, ಗೋಣಿಚೀಲ, ಬಚ್ಚಲಿನ ಒಲೆಯ ಹತ್ತಿರದ ಬೂದಿಗುಂಡಿಯಲ್ಲಿ ಇರುತ್ತದೆ. ಆಟಿ ತಿಂಗಳಲ್ಲಿ ಬೆಚ್ಚಗಿನ ಬೂದಿಯಲ್ಲಿ ನಾಯಿಯೂ ಬೆಕ್ಕೂ ಒಟ್ಟಿಗೆ ಸುರುಳಿ ಸುತ್ತಿ ಮಲಗಿದ್ದನ್ನು ನೋಡಿಲ್ಲವಾ? ಗೂಡಿನೊಳಗಿನ ಚಿಗಟಕ್ಕೆ ಯಾವ ಮದ್ದೂ ತಾಗುವುದಿಲ್ಲ. ಅದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾದು ಕೂತು ಹೊರಬರುತ್ತದೆ. ಆದ್ದರಿಂದ ಒಂದು ಸಲ ಮದ್ದು ಹಾಕಿ ಕೈ ತೊಳೆದುಕೊಂಡರೆ ಆಗುವುದಿಲ್ಲ. ನಾಯಿ, ಎರಡು ಬೆಕ್ಕು, ಮೂವರಿಗೂ ಒಟ್ಟಿಗೆ, ಕಡಿಮೆ ಎಂದರೆ ಮೂರು ತಿಂಗಳು ಬಿಡದೆ ಹಾಕಬೇಕು. ನಾಯಿಗೆ ಈಗ ಬಾಯಿಯಿಂದ ಕೊಡುವ ಒಳ್ಳೆಯ ಮಾತ್ರೆಗಳಿವೆ. ಅಫಾಕ್ಸೊಲನರ್ ತಿಂಗಳಿಗೊಂದು, ಫ್ಲುರಲನರ್ ಸುಮಾರು ಹನ್ನೆರಡು ವಾರಕ್ಕೊಂದು. ಚಿಗಟದ ಜೊತೆ ಉಣುಗಿಗೂ ಕಜ್ಜಿಗೂ ಕೆಲಸ ಮಾಡುತ್ತವೆ, ಹಾಗಾಗಿ ಮೇಲೆ ಹೇಳಿದ ಕಜ್ಜಿಯ ಸಂಶಯವೂ ಒಂದೇ ಏಟಿಗೆ ಹೋಗುತ್ತದೆ. ಜೂಲಿಗೆ ಯಾವತ್ತಾದರೂ ಫಿಟ್ಸ್ ಬಂದದ್ದಿದ್ದರೆ ಡಾಕ್ಟರರಿಗೆ ಮೊದಲೇ ಹೇಳಿ. ಮತ್ತೊಂದು ಮಾತು, ನಾಯಿಯ ಬೆನ್ನಿಗೆ ಬಿಡುವ ಹನಿಮದ್ದಿನಲ್ಲಿ ಪರ್ಮೆತ್ರಿನ್ ಇದ್ದರೆ ಅದನ್ನು ಬೆಕ್ಕಿಗೆ ಒಂದು ತೊಟ್ಟೂ ಹಾಕಬೇಡಿ. ಬೆಕ್ಕು ನಡುಗಿ ನಡುಗಿ ಸಾಯುತ್ತದೆ. ಬೆಕ್ಕಿಗೆ ಬೆಕ್ಕಿನದ್ದೇ ಮದ್ದು.

ತೋಟದ ಕೀಟನಾಶಕವನ್ನು ನೀರಿಗೆ ಬೆರೆಸಿ ನಾಯಿಗೆ ಹಚ್ಚುವವರಿದ್ದಾರೆ, ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಬಳಿಯುವವರಿದ್ದಾರೆ. ಎರಡರಿಂದಲೂ ನಾಯಿ ಸತ್ತದ್ದನ್ನು ನೋಡಿದ್ದೇನೆ. ನೀವು ಅಂಥದ್ದು ಮಾಡಿಲ್ಲ, ಆದರೂ ಓದುವವರು ಇನ್ನೂ ಇರುತ್ತಾರೆ.

ವಾಸನೆ ಮತ್ತು ಕಪ್ಪು ಚರ್ಮಕ್ಕೆ ಬರೋಣ. ಅದು ಅಲರ್ಜಿಯ ಬಣ್ಣ ಅಲ್ಲ, ಅಲರ್ಜಿಯ ಹಿಂದೆ ಬಂದು ಕೂತ ಬಾಡಿಗೆದಾರನದ್ದು. ಮಲಸೇಜಿಯ ಎಂಬ ಯೀಸ್ಟ್ ಎಲ್ಲ ನಾಯಿಯ ಚರ್ಮದಲ್ಲೂ ಸ್ವಲ್ಪ ಇರುತ್ತದೆ. ನೆಕ್ಕಿ ಒದ್ದೆಯಾದ, ಗಾಳಿಯಾಡದ, ಎಣ್ಣೆಜಿಡ್ಡಿನ ಚರ್ಮ ಸಿಕ್ಕಿದರೆ, ಅದೂ ನಮ್ಮ ಜೂನ್-ಜುಲೈಯ ಹವೆಯಲ್ಲಿ, ಅದಕ್ಕೆ ಹಬ್ಬ. ಜೊತೆಗೆ ಸ್ಟಫಿಲೋಕಾಕಸ್ ಬ್ಯಾಕ್ಟೀರಿಯ ಸೇರಿದರೆ ಕೀವುಗುಳ್ಳೆ. ಇವೆರಡೂ ಸ್ವತಃ ತುರಿಕೆ ತರುತ್ತವೆ, ಹಾಗಾಗಿ ಇವು ಇರುವಷ್ಟು ದಿನ ಯಾವ ಅಲರ್ಜಿ ಮದ್ದೂ ಪೂರ್ತಿ ಹಿಡಿಯುವುದಿಲ್ಲ. ಪತ್ತೆಗೆ ದೊಡ್ಡ ಪರೀಕ್ಷೆ ಬೇಡ. ಪಾರದರ್ಶಕ ಗಮ್‌ಟೇಪನ್ನು ಹೊಟ್ಟೆಯ ಚರ್ಮಕ್ಕೆ ಒತ್ತಿ ತೆಗೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೆಲಗಡಲೆ ಕಾಯಿಯ ಆಕಾರದ ನೇರಳೆ ಕಾಳುಗಳು ಕಾಣುತ್ತವೆ. ಹತ್ತು ನಿಮಿಷದ ಕೆಲಸ. ನಿಮ್ಮ ಡಾಕ್ಟರರ ಹತ್ತಿರ ಕೇಳಿ ಮಾಡಿಸಿ, ಕಿವಿಯ ಕೊಳೆಯನ್ನೂ ಹಾಗೇ ನೋಡಲಿ. ಕಿವಿಯ ಪರದೆ ಹರಿದಿದೆಯೋ ಎಂದು ಒಳಗೆ ನೋಡದೆ ಯಾವ ಹನಿಮದ್ದನ್ನೂ ಬಿಡಬೇಡಿ.

ದಿನಾ ಸಾಬೂನು ಹಾಕುವುದನ್ನು ಇವತ್ತೇ ನಿಲ್ಲಿಸಿ. ಗೋಡೆಯ ಗಾರೆ ತೆಳು ಎಂದೆನಲ್ಲ, ಸಾಬೂನು ಅದನ್ನು ಇನ್ನಷ್ಟು ತೊಳೆಯುತ್ತದೆ. ಬೇವಿನೆಣ್ಣೆಯೂ ಬೇಡ, ಅದು ನೆಕ್ಕಿ ಹೊಟ್ಟೆಗೆ ಹೋಗುತ್ತದೆ, ಮೇಲೆ ಉಳಿದ ಜಿಡ್ಡು ಯೀಸ್ಟಿಗೆ ಹಾಸಿಗೆ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚುವ ಕ್ರಮವೂ ನಮ್ಮಲ್ಲಿ ಉಂಟು, ಕರ್ಪೂರ ನಾಯಿಯ ಹೊಟ್ಟೆಗೆ ಹೋದರೆ ವಿಷ. ಬದಲಿಗೆ ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಇರುವ ನಾಯಿಯ ಶಾಂಪೂ ತನ್ನಿ. ಮೊದಲ ಮೂರು ನಾಲ್ಕು ವಾರ ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೊಂದು. ಶಾಂಪೂ ಕೆಲಸ ಮಾಡುವುದು ನೊರೆ ಬಂದಾಗ ಅಲ್ಲ, ನೊರೆ ಚರ್ಮದ ಮೇಲೆ ನಿಂತಾಗ. ಗಡಿಯಾರ ನೋಡಿ ಹತ್ತು ನಿಮಿಷ ಬಿಡಬೇಕು. ಎರಡು ನಿಮಿಷಕ್ಕೆ ತಂಬಿಗೆ ಎತ್ತಿದರೆ ಶಾಂಪೂವಿನ ದುಡ್ಡು ಬಚ್ಚಲಲ್ಲಿ ಹರಿದು ಹೋಯಿತೆಂದೇ ಲೆಕ್ಕ. ಬಿಸಿನೀರು ಬೇಡ, ಉಗುರುಬೆಚ್ಚಗೂ ಬೇಡ, ತಣ್ಣೀರೇ ಸಾಕು. ತೊಳೆದ ಮೇಲೆ ಬೆರಳ ಸಂದು, ಕಂಕುಳು ಪೂರ್ತಿ ಒಣಗುವವರೆಗೆ ಬಟ್ಟೆಯಲ್ಲಿ ಒತ್ತಿ ಒರಸಿ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದಾಗಲೆಲ್ಲ ಪಾದಕ್ಕೆ ಇದೇ ಉಪಚಾರ.

ಇಂಜೆಕ್ಷನ್ ವಿಷಯದಲ್ಲಿ ನಾನು ಯಾರ ಮೇಲೂ ಬೆರಳು ತೋರಿಸುವ ಹಾಗಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಒಂದು ಪಗ್ ನಾಯಿಗೆ ನಾನೇ ಎರಡು ವರ್ಷ ಇದೇ ಇಂಜೆಕ್ಷನ್ ಕೊಟ್ಟವನು. ಮನೆಯವರಿಗೆ ಖುಷಿ, ನನಗೂ ಹೆಸರು. ಮೂರನೆಯ ವರ್ಷ ಅದನ್ನು ಮೇಜಿನ ಮೇಲೆ ನಿಲ್ಲಿಸಿದಾಗ ಹೊಟ್ಟೆ ಕುಂಬಳಕಾಯಿಯ ಹಾಗೆ ಇಳಿಬಿದ್ದಿತ್ತು, ಬೆನ್ನಿನ ಚರ್ಮ ಎತ್ತಿದರೆ ನರ ಕಾಣುವಷ್ಟು ತೆಳು, ಅಲ್ಲಲ್ಲಿ ಸುಣ್ಣದ ಹರಳಿನಂತೆ ಗಟ್ಟಿ. "ಈಗೀಗ ರಾತ್ರಿ ಮೂರು ಸಲ ನೀರು ಕುಡಿಯುತ್ತದೆ ಡಾಕ್ಟ್ರೆ" ಅಂದರು. ಅದು ರೋಗದ್ದಲ್ಲ, ನನ್ನ ಸೂಜಿಯದ್ದು. ಒಮ್ಮೆ ಚುಚ್ಚಿದರೆ ವಾರಗಟ್ಟಲೆ ಮೈಯಲ್ಲಿ ಉಳಿಯುವ ಈ ಸ್ಟೀರಾಯ್ಡ್, ಟ್ರಯಾಮ್ಸಿನೊಲೋನ್ ಅಥವಾ ಮಿಥೈಲ್‌ಪ್ರೆಡ್ನಿಸೊಲೋನ್ ಅಸಿಟೇಟ್, ಬೇಡ ಅನ್ನಿಸಿದಾಗ ಹಿಂದೆ ತೆಗೆಯಲಿಕ್ಕೆ ಆಗುವುದಿಲ್ಲ. ನಿಮ್ಮ ಹಳೇ ಚೀಟಿಗಳಲ್ಲಿ ಈ ಹೆಸರು ಉಂಟಾ ನೋಡಿ. ಸೂಚನೆ ಮಲಯಾಳದಲ್ಲಿ ಬರೆದಿದ್ದರೆ ಓದಲು ಬರುವವರಿಂದ ಓದಿಸಿ, ಅಂದಾಜಿನಲ್ಲಿ ಹೋಗಬೇಡಿ. (ಮಲಯಾಳದ ಮೃಗಾಶುಪತ್ರಿ ಬೋರ್ಡು ನೋಡಿ, ಇಲ್ಲಿ ಹುಲಿಗೆ ಮದ್ದು ಕೊಡುವುದಾ ಎಂದು ಕೇಳಿದ ಸುಳ್ಯದ ಕಡೆಯ ನೆಂಟರೊಬ್ಬರು ನನಗಿದ್ದಾರೆ. ಅಲ್ಲಿ ಮೃಗ ಎಂದರೆ ಎಲ್ಲ ಪ್ರಾಣಿಯೂ.)

ಎರಡು ವರ್ಷದಲ್ಲಿ ಏಳು ಇಂಜೆಕ್ಷನ್ ಎಂದರೆ ಕೈ ಮೀರಿದ್ದಲ್ಲ. ಆದರೆ ಎಂಟನೆಯದು ಬೇಡ. ಜೂಲಿ ನೀರು ಜಾಸ್ತಿ ಕುಡಿಯುತ್ತಿದ್ದರೆ, ಹೊಟ್ಟೆ ಇಳಿದಿದ್ದರೆ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ಚಿಗಟ, ಯೀಸ್ಟ್ ಎರಡನ್ನೂ ಹಿಡಿತಕ್ಕೆ ತರುವ ಈ ಒಂದು ತಿಂಗಳು ತುರಿಕೆ ತಡೆಯಲು ಏನಾದರೂ ಬೇಕಲ್ಲ? ಪ್ರೆಡ್ನಿಸೊಲೋನ್ ಮಾತ್ರೆ ಆಗುತ್ತದೆ, ಅದೂ ಸ್ಟೀರಾಯ್ಡೇ, ಆದರೆ ದಿನ ದಿನ ಹಿಡಿತ ನಮ್ಮ ಕೈಯಲ್ಲಿರುತ್ತದೆ, ಇಳಿಸುತ್ತಾ ಬಂದು ದಿನ ಬಿಟ್ಟು ದಿನಕ್ಕೆ ತಂದು ನಿಲ್ಲಿಸಬಹುದು. ಫಕ್ಕನೆ ನಿಲ್ಲಿಸಬಾರದು, ನೋವಿನ ಮಾತ್ರೆಯ ಜೊತೆ ಕೊಡಲೇಬಾರದು. ದುಡ್ಡು ಸ್ವಲ್ಪ ಹೆಚ್ಚು ಬಿದ್ದರೂ ಪರವಾಗಿಲ್ಲ ಎಂದಾದರೆ ನಾನು ಓಕ್ಲಾಸಿಟಿನಿಬ್ ಕೇಳಿ ಎನ್ನುತ್ತೇನೆ. ಅಮೆರಿಕದಲ್ಲಿ 2013ರಲ್ಲಿ ಬಂದ ಮದ್ದು, ಇಂಟರ್‌ಲ್ಯೂಕಿನ್-31ರ ಸುದ್ದಿ ನರಕ್ಕೆ ಮುಟ್ಟದ ಹಾಗೆ ತಡೆಯುತ್ತದೆ, ಮೊದಲ ದಿನವೇ ತುರಿಕೆ ಇಳಿಯುತ್ತದೆ. ಮೊದಲು ಹದಿನಾಲ್ಕು ದಿನದವರೆಗೆ ದಿನಕ್ಕೆ ಎರಡು ಸಲ, ಆಮೇಲೆ ಒಂದು. ಒಂದು ವರ್ಷದೊಳಗಿನ ಮರಿಗಾಗಲಿ ದೊಡ್ಡ ಸೋಂಕು ಇರುವ ನಾಯಿಗಾಗಲಿ ಕೊಡುವಂಥದ್ದಲ್ಲ. ಸೈಕ್ಲೋಸ್ಪೋರಿನ್ ಕೂಡ ಒಳ್ಳೆಯದೇ, ಆದರೆ ಕೆಲಸ ತೋರಿಸಲಿಕ್ಕೆ ನಾಲ್ಕರಿಂದ ಆರು ವಾರ ತಾಳ್ಮೆ ಬೇಕು. ಲೋಕಿವೆಟ್‌ಮ್ಯಾಬ್ ಎಂಬುದು ತಿಂಗಳಿಗೊಂದು ಚುಚ್ಚುವ ಪ್ರತಿಕಾಯ. ಅದೂ ಇಂಜೆಕ್ಷನ್ನೇ ಆದರೂ ಸ್ಟೀರಾಯ್ಡ್ ಅಲ್ಲ, ಹೆದರಬೇಡಿ. ಮನುಷ್ಯರ ಶೀತದ ಮಾತ್ರೆಯಲ್ಲೂ ಅಲರ್ಜಿ ಮದ್ದು ಇರುತ್ತದೆ ಎಂದು ಮೆಡಿಕಲ್‌ನಿಂದ ತಂದು ಕೊಡುವವರುಂಟು. ತುರಿಕೆಗೆ ಅದು ಹೆಚ್ಚೇನೂ ಮಾಡುವುದಿಲ್ಲ, ಅದರಲ್ಲಿ ಸೂಡೊಎಫೆಡ್ರಿನ್ ಸೇರಿದ್ದರೆ ನಾಯಿ ಉಳಿಯುವುದು ಕಷ್ಟ.

ಮಂಗಳೂರಿನ ರಕ್ತಪರೀಕ್ಷೆ ಈಗ ಬೇಡ. ಆರೋಗ್ಯವಾಗಿರುವ ನಾಯಿಯ ರಕ್ತದಲ್ಲೂ ಧೂಳಿನ ನುಸಿಗೆ ಪ್ರತಿಕಾಯ ಸಿಗುತ್ತದೆ. ಹಾಗಾಗಿ ಪಾಸಿಟಿವ್ ಬಂದರೂ ರೋಗ ನಿಶ್ಚಯ ಆಗುವುದಿಲ್ಲ. ಅಟೋಪಿ ಹೌದೆಂದು ಬೇರೆ ದಾರಿಯಲ್ಲಿ ಖಚಿತವಾದ ಮೇಲೆ, ಅದೇ ಕಣಗಳನ್ನು ಸ್ವಲ್ಪ ಸ್ವಲ್ಪವೇ ಚುಚ್ಚಿ ಮೈಗೆ ಒಗ್ಗಿಸುವ ಇಮ್ಯೂನೋಥೆರಪಿ ಮಾಡಿಸುವುದಾದರೆ ಮಾತ್ರ, ಯಾವ ಕಣ ಎಂದು ಆರಿಸಲು ಆ ಪರೀಕ್ಷೆ ಬೇಕು. ಅದಕ್ಕೆ ವರ್ಷಗಟ್ಟಲೆ ಸಮಯ ಬೇಕು, ಎಲ್ಲ ನಾಯಿಗೂ ಫಲಿಸುವುದಿಲ್ಲ. ಆಹಾರದ ಅಲರ್ಜಿಗೆ ಎಂದು ಮಾಡುವ ರಕ್ತ, ಜೊಲ್ಲು, ಕೂದಲಿನ ಪರೀಕ್ಷೆಗಳನ್ನಂತೂ ನಾನು ನಂಬುವುದಿಲ್ಲ.

ಮರಿ ಹಾಕಿಸುವ ಸಲಹೆ ಕೊಟ್ಟವರಿಗೆ ನಮಸ್ಕಾರ ಹೇಳಿ ಕಳಿಸಿ. ಇದು ವಂಶದಲ್ಲಿ ಹರಿಯುವ ಗುಣ. ಎಂಟು ಮರಿಯಾದರೆ ಇನ್ನೆಷ್ಟು ಮನೆಗೆ ಈ ತುರಿಕೆ ಹಂಚಿದ ಹಾಗಾಯಿತು?

ಮನೆಯೊಳಗಿನ ಧೂಳಿನ ನುಸಿಯನ್ನು ಕಾಸರಗೋಡಿನ ಹವೆಯಲ್ಲಿ ನಿರ್ನಾಮ ಮಾಡುತ್ತೇನೆ ಎಂದು ಹೊರಡಬೇಡಿ, ಸೋಲುತ್ತೀರಿ. ಅದು ಬದುಕುವುದೇ ನಮ್ಮ ಚರ್ಮದ ಹೊಟ್ಟು ಮತ್ತು ಗಾಳಿಯ ತೇವದಿಂದ. ಜೂಲಿ ಮಲಗುವ ಗೋಣಿಚೀಲ ಬಿಸಾಡಿ, ಒಗೆಯಬಹುದಾದ ಹತ್ತಿ ಬಟ್ಟೆ ಹಾಕಿ ವಾರಕ್ಕೊಮ್ಮೆ ಕುದಿನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿದರೆ ಅಷ್ಟೇ ಸಾಕು. ಬೈಹುಲ್ಲಿನ ಅಟ್ಟದ ಕೆಳಗೆ ಮಲಗಿಸಬೇಡಿ. ಪ್ಯಾಕೆಟ್ ಆಹಾರದ ದೊಡ್ಡ ಚೀಲ ಬಾಯಿ ಬಿಚ್ಚಿ ಇಟ್ಟರೆ ಅದರಲ್ಲೂ ಬೇರೆ ಜಾತಿಯ ನುಸಿ ಏಳುತ್ತದೆ. ಸಣ್ಣ ಚೀಲ ತಂದು ಗಾಳಿಯಾಡದ ಡಬ್ಬಿಯಲ್ಲಿಡಿ. ತೋಟಕ್ಕೆ ಮದ್ದು ಬಿಡುವ ದಿನ ಜೂಲಿಯನ್ನು ಕಟ್ಟಿಹಾಕಿ, ಮರದಿಂದ ತೊಟ್ಟಿಕ್ಕಿದ ಮೈಲುತುತ್ತು ಪಾದಕ್ಕೆ ಹತ್ತಿದರೆ ಉರಿಯುತ್ತದೆ, ನೆಕ್ಕಿದರೆ ವಾಂತಿ.

ಇನ್ನು ಆಹಾರ. ಚಿಗಟ ಹೋಗಿ, ಯೀಸ್ಟ್ ಹೋಗಿ, ಒಂದೂವರೆ ತಿಂಗಳಾದ ಮೇಲೂ ಜೂಲಿ ಪಾದ ನೆಕ್ಕುತ್ತಿದ್ದರೆ ಮಾತ್ರ ಈ ಪರೀಕ್ಷೆ. ಆಹಾರದ ಅಲರ್ಜಿ ಅಟೋಪಿಯ ಹಾಗೆಯೇ ಕಾಣಿಸುತ್ತದೆ, ನೋಡಿ ಹೇಳಲಾಗದು. ಆಹಾರ ಬದಲಿಸಿಯೇ ತಿಳಿಯಬೇಕು. ನಿಮ್ಮ ಹತ್ತು ದಿನದ ಮೊಸರನ್ನ ಎರಡು ಕಾರಣಕ್ಕೆ ಲೆಕ್ಕಕ್ಕೆ ಬರುವುದಿಲ್ಲ. ಮೊದಲನೆಯದು, ಹತ್ತು ದಿನ ಸಾಲದು. ಆಹಾರದ ಅಲರ್ಜಿ ಇರುವ ನಾಯಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಗುಣ ತೋರಿಸುವುದು ಎಂಟು ವಾರದ ಹೊತ್ತಿಗೆ. ಎರಡನೆಯದು ಮೊಸರು. ನಾಯಿಗಳಿಗೆ ಹೆಚ್ಚಾಗಿ ಒಗ್ಗದೆ ಇರುವ ಆಹಾರಗಳೆಂದರೆ ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ. ನೀವು ಕೋಳಿಯ ಪ್ಯಾಕೆಟ್ ನಿಲ್ಲಿಸಿ ಹಾಲಿನದ್ದನ್ನು ಕೊಟ್ಟಿರಿ, ಒಂದು ಆರೋಪಿಯನ್ನು ಹೊರಗೆ ಕಳಿಸಿ ಇನ್ನೊಬ್ಬನನ್ನು ಒಳಗೆ ಕರೆದ ಹಾಗೆ.

ಸಸ್ಯಾಹಾರಿ ಮನೆಯಲ್ಲಿ ಹಿಂದೆಂದೂ ತಿನ್ನದ ಮಾಂಸ ಬೇಯಿಸಿ ಹಾಕಿ ಎಂದು ನಾನು ಹೇಳುವುದಿಲ್ಲ. ಹೈಡ್ರೊಲೈಸ್ಡ್ ಆಹಾರ ಅಂತ ಡಾಕ್ಟರರ ಚೀಟಿಯ ಮೇಲೆ ಸಿಗುತ್ತದೆ. ಅದರ ಪ್ರೋಟೀನನ್ನು ರೋಗನಿರೋಧಕ ವ್ಯವಸ್ಥೆಗೆ ಗುರುತು ಸಿಗದಷ್ಟು ಸಣ್ಣ ಚೂರು ಮಾಡಿರುತ್ತಾರೆ. ದುಬಾರಿ, ಆದರೆ ಎಂಟು ವಾರದ್ದು. ಆ ಎಂಟು ವಾರ ಅದು ಮತ್ತು ನೀರು ಬಿಟ್ಟರೆ ಬೇರೇನೂ ಇಲ್ಲ. ಹಟ್ಟಿಯಲ್ಲಿ ಹಾಲು ಕರೆಯುವಾಗ ಚೆಲ್ಲಿದ್ದನ್ನು ನೆಕ್ಕಲಿಕ್ಕೆ ಇಲ್ಲ, ದನದ ಹಿಂಡಿಗೆ ಬಾಯಿ ಹಾಕಲಿಕ್ಕೆ ಇಲ್ಲ, ಪಕ್ಕದ ಮನೆಯವರು ಬೇಲಿಯ ಮೇಲಿಂದ ಎಸೆಯುವ ಬೂತಾಯಿ ತಲೆಯೂ ಇಲ್ಲ. ಚಿಗಟದ ಮಾತ್ರೆಗೆ ಮಾಂಸದ ರುಚಿ ಸೇರಿಸಿರುತ್ತಾರಾದ್ದರಿಂದ ಆ ಎರಡು ತಿಂಗಳು ಬೆನ್ನಿಗೆ ಬಿಡುವ ಹನಿಮದ್ದಿಗೆ ಬದಲಾಯಿಸಿ, ಪರ್ಮೆತ್ರಿನ್ ಇಲ್ಲದ್ದು, ಬೆಕ್ಕು ಪಕ್ಕದಲ್ಲೇ ಮಲಗುತ್ತದಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಾ ರಾತ್ರಿ ತುರಿಕೆಗೆ ಹತ್ತರಲ್ಲಿ ಇಷ್ಟು ಎಂದು ಒಂದು ಅಂಕೆ ಬರೆಯಿರಿ. ನಿದ್ದೆಯಿಂದ ಎದ್ದು ಕೆರೆದರೆ ಎಂಟು, ನೋಡಿದಾಗೊಮ್ಮೆ ಕೆರೆದರೆ ಎರಡು, ಹೀಗೆ. ಬರೆಯುವವರು ಒಬ್ಬರೇ ಆಗಿರಲಿ. ಕೊನೆಯ ಎರಡು ವಾರ ತುರಿಕೆ ಮದ್ದು ನಿಲ್ಲಿಸಿ ಅಂಕೆ ಎಲ್ಲಿ ನಿಲ್ಲುತ್ತದೆ ನೋಡಬೇಕು. ಇಳಿಯದಿದ್ದರೆ ಆಹಾರದ ತಪ್ಪಿಲ್ಲ, ಉಳಿದದ್ದು ಅಟೋಪಿ. ಹಳೇ ಆಹಾರ, ಶಾಂಪೂ, ಚಿಗಟದ ಮದ್ದು, ಬೇಕಾದಷ್ಟೇ ಓಕ್ಲಾಸಿಟಿನಿಬ್, ಹೀಗೇ ಮುಂದುವರಿಸಿದರಾಯಿತು.

ಇಳಿದರೆ? ಆಗ ಮಾವನವರನ್ನು ಕರೆಯಬೇಕು. ಎಂಟು ವಾರ ಅವರ ಕೈ ಕಟ್ಟಿಹಾಕುವುದು ನಿಮಗೆ ಎಲ್ಲದಕ್ಕಿಂತ ಕಷ್ಟ ಎಂದು ನನಗೆ ಗೊತ್ತು. ಡಾಕ್ಟರರು ಹೇಳಿದ್ದಾರೆ ಎಂದು ನನ್ನ ಮೇಲೆ ಹಾಕಿ. ದಿನಾ ಬೆಳಗ್ಗೆ ಒಂದು ತುಂಡು ಎಂದರೆ ದಿನಾ ಬೆಳಗ್ಗೆ ಅಕ್ಕಿ, ಉದ್ದು, ಮೇಲೆ ಸವರಿದ ಬೆಣ್ಣೆ. ಜೂಲಿಗೆ ಅದರಲ್ಲಿ ಒಂದು ಒಗ್ಗದಿದ್ದರೆ ಉಳಿದ ಪಥ್ಯವೆಲ್ಲ ವ್ಯರ್ಥ. ಆದರೆ ಒಂಬತ್ತನೆಯ ವಾರ, ಯಾವ ಆಹಾರದಿಂದ ತುರಿಕೆ ಮರಳಿ ಬರುತ್ತದೆ ಎಂದು ಒಂದೊಂದಾಗಿ ಕೊಟ್ಟು ನೋಡುವಾಗ, ಮೊದಲ ಸರದಿ ಅವರ ದೋಸೆಗೇ ಇರಲಿ. ಬೆಣ್ಣೆ ಹಾಕದ್ದು, ಒಂದು ತುಂಡಿಗಿಂತ ಸ್ವಲ್ಪ ದೊಡ್ಡದು, ಹದಿನಾಲ್ಕು ದಿನ, ಅವರ ಕೈಯಿಂದಲೇ. ಹದಿನೈದನೆಯ ದಿನ ಕ್ಯಾಲೆಂಡರಿನ ಅಂಕೆ ಏರದಿದ್ದರೆ ಬೆಣ್ಣೆ ಸವರಿ ಇನ್ನು ಹದಿನಾಲ್ಕು ದಿನ.